ಉಲ್ಲನ್ ಅಂತ ಬರೆದಿದ್ದೆಲ್ಲ ಉಣ್ಣೆ ಅಲ್ಲ

ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಅನ್ನುವ ಚೌಕಳಿ ಲಂಗದ ಜೊತೆ ಹಾಕುವ ಉದ್ದ ಕಾಲುಚೀಲವನ್ನು ಕೈಯಲ್ಲೇ ಹೆಣೆಯಬೇಕು ಅಂತ ಯಾರಾದರೂ ಹೊರಟಿದ್ದರೆ, ದಾರ ಕೊಳ್ಳುವ ಮೊದಲು ಇದನ್ನು ಓದಿಬಿಡಿ. ನಾನು ಒಂಬತ್ತು ವಾರ ಕೂತು ಹೆಣೆದದ್ದು ತಮ್ಮನ ಮದುವೆಯ ದಿನ, ತುಂಬಿದ ಸಭಾಂಗಣದಲ್ಲಿ, ಜಾರಿ ಅವನ ಹಿಮ್ಮಡಿಗೆ ಬಂತು.

ನಾನಿರುವುದು ಎಡಿನ್‌ಬರ್ಗ್‌ನಲ್ಲಿ, ತಮ್ಮ ಗ್ಲಾಸ್ಗೋದಲ್ಲಿ. ಹುಡುಗಿ ಅಲ್ಲಿಯವಳೇ. ಬೆಳಿಗ್ಗೆ ಪಂಚೆ ಉಟ್ಟು ತಾಳಿ ಕಟ್ಟುವುದು, ಸಂಜೆ ಕಿಲ್ಟ್ ಅಂತ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಕಿಲ್ಟು, ಕೋಟು, ಸೊಂಟದ ಮುಂದೆ ನೇತಾಡುವ ಸ್ಪೋರನ್ ಚೀಲ ಎಲ್ಲ ಬಾಡಿಗೆಯದ್ದು. ಕಡುನೀಲಿ, ಹಸಿರಿನ ಬ್ಲ್ಯಾಕ್ ವಾಚ್ ಅನ್ನುವ ಚೌಕಳಿ ಆರಿಸಿಕೊಂಡಿದ್ದ. "ಅಕ್ಕಾ, ಕಾಲುಚೀಲ ಮಾತ್ರ ನೀನೇ ಹಾಕಿಕೊಡು. ಅಂಗಡಿಯವರು ಕೊಡೋ ಬಿಳಿದು ಸ್ಕೂಲ್ ಮಕ್ಕಳ ಥರ ಕಾಣುತ್ತೆ" ಅಂದ. ಅಷ್ಟು ಸಾಕಿತ್ತು ನನಗೆ.

ಇದು ಸುಮ್ನೆ ಉದ್ದದ ಸಾಕ್ಸ್ ಅಲ್ಲ. ಮೊಣಕಾಲಿನಿಂದ ಎರಡು ಬೆರಳು ಕೆಳಗೆ ನಿಲ್ಲಬೇಕು. ಮೇಲ್ತುದಿಯಲ್ಲಿ ಅಗಲವಾದ ಪಟ್ಟಿ, ಅದನ್ನು ಹೊರಗೆ ಮಡಚಬೇಕು. ಮಡಿಕೆಯೊಳಗೆ ಎಲಾಸ್ಟಿಕ್, ಅದರಿಂದ ಪಕ್ಕಕ್ಕೆ ಇಳಿಬಿದ್ದ ಫ್ಲ್ಯಾಶ್ ಅನ್ನುವ ಬಣ್ಣದ ತುಂಡುಗಳು. ಬಲಗಾಲಿನ ಅಂಚಿನಲ್ಲಿ ಸ್ಕೀನ್ ಡೂ ಅನ್ನುವ ಪುಟ್ಟ ಚಾಕು. ಹೆಣಿಗೆಯಲ್ಲೂ ಒಂದು ಮೋಜಿದೆ. ಮಡಚುವ ಪಟ್ಟಿಯನ್ನು ಮೊದಲು ಹೆಣೆದು, ಆಮೇಲೆ ಇಡೀ ಹೆಣಿಗೆಯನ್ನು ಒಳಹೊರಗು ಮಾಡಿ ಮುಂದುವರಿಯಬೇಕು. ಇಲ್ಲದಿದ್ದರೆ ಮಡಚಿದಾಗ ಪಟ್ಟಿಯ ಹಿಂಬದಿ ಕಾಣುತ್ತದೆ. ನಾನು ಮರೆತು, ನಾಲ್ಕಿಂಚು ಹೋಗಿ, ಎಲ್ಲ ಬಿಚ್ಚಿದೆ. ಅದು ದೊಡ್ಡ ವಿಷಯವಲ್ಲ ಬಿಡಿ.

ಅಳತೆಯಲ್ಲಿ ನಾನು ತಪ್ಪಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ತಮ್ಮನ ಮೀನಖಂಡ 16 ಇಂಚು. ಬಿಗಿಯಾಗಿ ಕೂರಲಿ ಅಂತ ಸುಮಾರು ಹತ್ತರಲ್ಲೊಂದು ಪಾಲು ಕಮ್ಮಿ ಮಾಡಿ, ಇಂಚಿಗೆ ಆರರಂತೆ 88 ಕುಣಿಕೆ ಹಾಕಿದೆ. ಕಾಲಿನ ಹಿಂಭಾಗದಲ್ಲಿ ಸಾಲಿಗೆ ಎರಡರಂತೆ 16 ಸಲ ಇಳಿಸಿ ಪಾದದ ಗಂಟಿನ ಹತ್ತಿರ 56ಕ್ಕೆ ತಂದೆ. ಎರಡು ಸೀದಾ, ಎರಡು ಉಲ್ಟಾ, ಮೇಲಿಂದ ಕೆಳಗಿನವರೆಗೆ ಗೆರೆ ಗೆರೆ. ನೋಡೋಕೆ ಚೆಂದವೇ ಇತ್ತು.

ತಪ್ಪಿದ್ದು ದಾರದಲ್ಲಿ.

ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನ ಹತ್ತಿರ ತಗೊಂಡೆ. ಹೆಸರಿನಲ್ಲೇ "ವುಲ್" ಇತ್ತು, ಪಕ್ಕದಲ್ಲಿ ಗುಡ್ಡದ ಮೇಲೆ ಕುರಿ ನಿಂತ ಚಿತ್ರ. ಬಾಟಲ್ ಗ್ರೀನ್, 100 ಗ್ರಾಮಿನ ನಾಲ್ಕು ಉಂಡೆ, ಒಟ್ಟು 12 ಪೌಂಡ್. ಅಗ್ಗ ಅಂತ ಖುಷಿಪಟ್ಟೆನೇ ಹೊರತು ಯಾಕೆ ಅಗ್ಗ ಅಂತ ಕೇಳಿಕೊಳ್ಳಲಿಲ್ಲ. ಬಂದ ಉಂಡೆಗಳ ಮೇಲೆ ಕಾಗದದ ಪಟ್ಟಿಯೂ ಇರಲಿಲ್ಲ, ಬರೀ ಪ್ಲಾಸ್ಟಿಕ್ ಕವರ್. ಹೆಣೆಯುವಾಗ ಕಡ್ಡಿ ಮೇಲೆ ಕಿರ್ ಕಿರ್ ಅನ್ನುತ್ತಿತ್ತು. ಮಾದರಿ ತುಂಡನ್ನು ನೀರಿಗೆ ಹಾಕಿದಾಗ ಯಾವ ವಾಸನೆಯೂ ಬರಲಿಲ್ಲ. ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಗೊತ್ತಿಲ್ಲದವಳೇ ನಾನು? ಆದರೂ ಹೊಳೆಯಲಿಲ್ಲ.

ಇಲ್ಲೊಂದು ಮಾತಿನ ಗುಂಡಿ ಇದೆ. ಮೈಸೂರಿನಲ್ಲಿ ಅಮ್ಮ ಮಕ್ಕಳ ಟೋಪಿಗೆ ತರುತ್ತಿದ್ದ ದಾರಕ್ಕೆ ನಾವೆಲ್ಲ ಉಲ್ಲನ್ ಅಂತಲೇ ಅನ್ನುತ್ತಿದ್ದೆವು. ಅದರಲ್ಲಿ ಕುರಿಯ ಕೂದಲು ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಬ್ರಿಟನ್ನಿನಲ್ಲೂ ಹಾಗೇ, ಹೆಣೆಯುವ ದಾರ ಯಾವುದಾದರೂ ಮಾತಿಗೆ "ವುಲ್" ಅಂದುಬಿಡುತ್ತಾರೆ. ಎರಡೂ ಊರಿನ ಅಭ್ಯಾಸ ಸೇರಿ ನನ್ನ ಕಣ್ಣು ಕಟ್ಟಿತು.

ಮದುವೆಯ ಹಿಂದಿನ ರಾತ್ರಿ ಗೆರೆಗಳು ಇನ್ನೂ ಚೊಕ್ಕವಾಗಿ ಕಾಣಲಿ ಅಂತ ಒದ್ದೆ ಬಟ್ಟೆ ಹಾಸಿ ಹಬೆ ಇಸ್ತ್ರಿ ಹಿಡಿದೆ. ಒಂದೇ ನಿಮಿಷದಲ್ಲಿ ಕಾಲುಚೀಲ ಬೆಂಕಿಯ ಮೇಲೆ ಬಾಡಿಸಿದ ಬಾಳೆಎಲೆ ಥರ ಮೆತ್ತಗಾಯಿತು. ಸ್ವಲ್ಪ ಹೊಳಪೂ ಬಂತು. ಅಯ್ಯೋ, ಎಷ್ಟು ನುಣುಪು ಅಂತ ನಾನೇ ಬೆನ್ನು ತಟ್ಟಿಕೊಂಡೆ!

ಆದದ್ದೇನು ಅಂತ ಆಮೇಲೆ ಗೊತ್ತಾಯಿತು. ಉಣ್ಣೆಯ ಎಳೆ ಹುಟ್ಟಿನಿಂದಲೇ ಗುಂಗುರು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ನಾನು ಹೆಣೆದದ್ದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಜೋರು ಬಿಸಿ ತಾಗಿದರೆ ಎಳೆ ಸಡಿಲವಾಗಿ ಹಾಗೇ ಉಳಿದುಬಿಡುತ್ತದೆ. ಎಷ್ಟು ಒಗೆದರೂ ಹಳೆಯ ಬಿಗಿ ಬರುವುದಿಲ್ಲ. ಹೆಣೆಯುವವರು ಇದಕ್ಕೆ ಅಕ್ರಿಲಿಕ್ ಸಾಯಿಸುವುದು ಅಂತಲೇ ಹೇಳುತ್ತಾರೆ. ಶಾಲಿಗೆ ಬೇಕೆಂದೇ ಹಾಗೆ ಮಾಡುವವರಿದ್ದಾರೆ. ಕಾಲುಚೀಲಕ್ಕೆ ಮಾಡಿದರೆ ಕತೆ ಮುಗಿಯಿತು.

ಸಂಜೆ ಫೋಟೋ ಮುಗಿಯುವವರೆಗೆ ಹೇಗೋ ನಿಂತಿತ್ತು. ಆಮೇಲೆ ಕೇಲಿ ಶುರುವಾಯಿತು, ಅಲ್ಲಿನ ಗುಂಪು ಕುಣಿತ. ಸ್ಟ್ರಿಪ್ ದ ವಿಲೋ ಅನ್ನುವ ಕುಣಿತದಲ್ಲಿ ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಕೈ ಹಿಡಿದು ಗಿರ್ ಅಂತ ತಿರುಗುತ್ತ ಹೋಗಬೇಕು. ಎರಡು ಸುತ್ತಿಗೆ ಬಲಗಾಲಿನದ್ದು ಇಳಿಯಿತು. ಎಲಾಸ್ಟಿಕ್ ಮಾತ್ರ ಕಾಲಿಗೆ ಕಚ್ಚಿಕೊಂಡು ಮೇಲೇ ಉಳಿಯಿತು. ಮಡಿಕೆ ಅದರಿಂದ ನುಣುಚಿಕೊಂಡು, ಹಿಮ್ಮಡಿಯ ಮೇಲೆ ಆನೆಯ ಕಾಲಿನ ಚರ್ಮದ ಹಾಗೆ ಸುತ್ತು ಸುತ್ತಾಗಿ ಕೂತಿತು. ಚಾಕು ಟಣ್ ಅಂತ ನೆಲಕ್ಕೆ ಬಿತ್ತು. ಬಾಡಿಗೆ ಅಂಗಡಿಯವರು ಕೊಟ್ಟಿದ್ದು ಸುಳ್ಳು ಚಾಕು, ಪುಣ್ಯ. ಒಬ್ಬ ಪುಟ್ಟ ಹುಡುಗ ಎತ್ತಿಕೊಂಡು ಓಡಿಹೋದ. ತಮ್ಮ ನಗುತ್ತಲೇ ಇದ್ದ, ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿಯ ಕಡೆಯ ಒಬ್ಬ ಅಜ್ಜಿ ಬಂದು, ಜಾರಿದ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ಹೆಣಿಗೆ ಬಹಳ ಚೆನ್ನಾಗಿದೆಯಮ್ಮ. ಆದರೆ ಇದು ಉಣ್ಣೆ ಅಲ್ಲ."

ಮನೆಗೆ ಬಂದು ಉಳಿದ ದಾರದ ತುಂಡನ್ನು ಚಿಮ್ಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿದೆ. ಕರಗಿ ತೊಟ್ಟಿಕ್ಕಿ, ಗಟ್ಟಿ ಕರಿಮಣಿಯಾಯಿತು. ನಿಜವಾದ ಉಣ್ಣೆಗೆ ಬೆಂಕಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಜ್ವಾಲೆ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್ ಬೆರೆತ ದಾರವಾದರೆ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ಹಿಮ್ಮಡಿ ಬೇಗ ಸವೆಯದಿರಲಿ ಅಂತ ಕಾಲುಚೀಲದ ದಾರಕ್ಕೆ ಸ್ವಲ್ಪ ನೈಲಾನ್ ಬೆರೆಸುವುದುಂಟು, ಅದು ಮೋಸವಲ್ಲ. ಈ ಎರಡು ನಿಮಿಷದ ಕೆಲಸವನ್ನು ಮೊದಲ ಕುಣಿಕೆ ಹಾಕುವ ಮುಂಚೆ ಮಾಡಿ. ನಾನು ಮಾಡಿದ್ದು ಒಂಬತ್ತು ವಾರ ತಡವಾಗಿ.

ಮಾರಾಟಗಾರನಿಗೆ ಬರೆದೆ. "ವುಲ್ ಅಂದರೆ ಹೆಣೆಯುವ ದಾರ ಅಂತ ಅರ್ಥ, ಎಲ್ಲರಿಗೂ ಗೊತ್ತು" ಅಂತ ಉತ್ತರ ಬಂತು. ಹೆಣೆದಾಗಿದೆ, ವಾಪಸ್ ತಗೊಳ್ಳಲ್ಲ ಅಂತಲೂ ಅಂದ. ಆದರೆ ಬ್ರಿಟನ್ನಿನಲ್ಲಿ ದಾರ ಮಾರುವವರು ಅದರಲ್ಲಿ ಯಾವ ನಾರು ಶೇಕಡಾ ಎಷ್ಟು ಅಂತ ಹೇಳಲೇಬೇಕು, ಆನ್‌ಲೈನಿನಲ್ಲಿ ಮಾರಿದರೂ ಅಷ್ಟೇ. ಅವನ ಪುಟದಲ್ಲಿ "ಪ್ರೀಮಿಯಂ ಮಿಶ್ರಣ" ಅಂತ ಬಿಟ್ಟರೆ ಒಂದು ಅಂಕಿಯೂ ಇರಲಿಲ್ಲ. ಅದನ್ನೇ ಹಿಡಿದು ಆ ಜಾಲತಾಣಕ್ಕೆ ದೂರು ಕೊಟ್ಟೆ, 12 ಪೌಂಡ್ ವಾಪಸ್ ಬಂತು. ಒಂಬತ್ತು ವಾರ ಯಾರು ಕೊಡುತ್ತಾರೆ? ಹಾಗಾಗಿ ಹೆಸರು, ಚಿತ್ರ, ಗುಡ್ಡ, ಕುರಿ ಏನನ್ನೂ ನೋಡಬೇಡಿ. ಶೇಕಡಾ ಬರೆದ ಸಾಲು ಹುಡುಕಿ. ಆ ಸಾಲು ಇಲ್ಲದಿದ್ದರೆ ಕೊಳ್ಳಲೇಬೇಡಿ.

ಈಗ ಅಂಗಡಿಗೆ ಹೋಗಿ, ಮೂಸಿ ನೋಡಿ, ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ದಾರ ತಂದಿದ್ದೇನೆ. ಬೆಲೆ ಮೂರು ಪಟ್ಟು ಜಾಸ್ತಿ. ಒಂದು ಕಾಲಿನದ್ದು ಹಿಮ್ಮಡಿಯವರೆಗೆ ಬಂದಿದೆ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವಳು ಮೊದಲು ನಂಬಲಿಲ್ಲ. "ಉಲ್ಲನ್ ಅಂದ್ರೆ ಉಲ್ಲನ್ನೇ ಅಲ್ವೇನೇ?" ಅಂದಳು. ಮಾರನೇ ದಿನ ತಾನೇ ಫೋನ್ ಮಾಡಿದಳು. ಟ್ರಂಕಿನಲ್ಲಿದ್ದ ಉಂಡೆಗಳಿಂದ ಒಂದೊಂದು ತುಂಡು ಕತ್ತರಿಸಿ ದೀಪಕ್ಕೆ ಹಿಡಿದಿದ್ದಳಂತೆ. "ಒಂದೂ ಬಿಡದೆ ಎಲ್ಲಾ ಮಣಿ ಆಗ್ತಿದೆ ಕಣೇ!"