ಗೂಗಲ್ ಕ್ಲಾಸ್‌ರೂಮ್ ನಮ್ಮ ಕಡೆಯ ಪದವಿ ಕಾಲೇಜುಗಳಿಗೆ ಹೊಂದುತ್ತದೆಯೇ?

ಕುಷ್ಟಗಿ, ಸಿಂಧನೂರು, ಸಿರುಗುಪ್ಪದಂಥ ಊರುಗಳ ಪದವಿ ಕಾಲೇಜುಗಳಲ್ಲಿ ತರಗತಿಯಾಚೆಯ ಪಾಠ ಹೆಚ್ಚಾಗಿ ನಡೆಯುವುದು ವಾಟ್ಸಾಪ್ ಗುಂಪಿನಲ್ಲಿ. ಪರೀಕ್ಷಾ ಶುಲ್ಕದ ಸೂಚನೆ, ಅದರ ಕೆಳಗೆ ಹುಟ್ಟುಹಬ್ಬದ ಶುಭಾಶಯ, ಅದರ ಕೆಳಗೆ ನೋಟ್ಸ್. ವಾರ ಕಳೆದರೆ ನೋಟ್ಸ್ ಹುಡುಕಿದರೂ ಸಿಗದು. ಇನ್ನೂ ಗಂಭೀರ ವಿಷಯವೆಂದರೆ ಗುಂಪಿನಲ್ಲಿರುವ ಪ್ರತಿ ವಿದ್ಯಾರ್ಥಿನಿಯ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ನೋಟ್ಸ್, ಪ್ರಶ್ನೆ, ಮನೆಗೆಲಸಗಳನ್ನು ಆನ್‌ಲೈನಿನಲ್ಲಿ ಹಂಚಿ ಉತ್ತರ ಪಡೆಯುವ, 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಉಚಿತ. ಈ ಎರಡೂ ತೊಂದರೆ ಅದರಲ್ಲಿಲ್ಲ: ನೋಟ್ಸ್ ಘಟಕವಾರು ಉಳಿಯುತ್ತವೆ, ಸೇರಲು ಸಹಪಾಠಿಗಳಿಗೆ ನಂಬರು ಕೊಡಬೇಕಿಲ್ಲ.

ಸಾಮಾನ್ಯ ಜಿಮೇಲ್‌ನಿಂದ ತೆರೆದ ಕ್ಲಾಸಿಗೆ ಶಿಕ್ಷಕರೂ ಸೇರಿ 250 ಜನರ ಮಿತಿ. ಒಂದು ಸೆಕ್ಷನ್ನಿಗೆ ಅದು ಧಾರಾಳ.

ಇದರಲ್ಲಿ ಅತ್ಯುತ್ತಮವಾದದ್ದು, ಆದರೆ ಹೆಚ್ಚು ಜನ ಮುಟ್ಟದೇ ಬಿಡುವುದು, ‘ಕ್ಲಾಸ್‌ವರ್ಕ್’ ಪುಟದ ಒಳಗಿರುವ ‘ಕ್ವೆಶ್ಚನ್’. ಕಿರು ಉತ್ತರದ ಪ್ರಶ್ನೆ ಹಾಕಿ, ವಿದ್ಯಾರ್ಥಿಗಳು ಪರಸ್ಪರ ಉತ್ತರಿಸಬಹುದು ಎಂಬ ಆಯ್ಕೆಯನ್ನು ಆನ್ ಮಾಡಿ. ತನ್ನ ಉತ್ತರ ಬರೆದ ಮೇಲೆಯೇ ಬೇರೆಯವರ ಉತ್ತರ ತೆರೆದುಕೊಳ್ಳುತ್ತದೆ, ಹಾಗಾಗಿ ನಕಲಿಗೆ ದಾರಿ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಏಕೆ ತಲುಪುವುದಿಲ್ಲ ಎಂದು ಅರ್ಥಶಾಸ್ತ್ರದ ತರಗತಿಗೆ ಕೇಳಿದರೆ, ಕಾಲುವೆಯ ಮೇಲ್ಭಾಗದ ಗಂಗಾವತಿ ಕಡೆಯವರೂ ಕೊನೆಭಾಗದ ಮಾನ್ವಿ ಕಡೆಯವರೂ ಒಂದೇ ಉತ್ತರ ಬರೆಯುವುದಿಲ್ಲ. ಚರ್ಚೆ ಹುಟ್ಟುವುದೇ ಅಲ್ಲಿ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೂ ಬರೆದು ಹೇಳಲು ಜಾಗ ಸಿಗುತ್ತದೆ. ಪ್ರಶ್ನೆ ಮಾತ್ರ ಒಂದೇ ಸಾಲಿನ ವ್ಯಾಖ್ಯೆ ಕೇಳುವಂತಿರಬಾರದು. ಆಗ ಮೂವತ್ತು ಉತ್ತರವೂ ಗೈಡಿನ ಅದೇ ಸಾಲಾಗಿರುತ್ತವೆ.

ಇನ್ನು ಕೆಡುವ ಕಡೆಗಳು. ಮೊದಲನೆಯದು ಖಾತೆ. ಎಷ್ಟೋ ಫೋನುಗಳಲ್ಲಿ ಅಣ್ಣನ ಜಿಮೇಲೂ ಇರುತ್ತದೆ. ಅದರಿಂದಲೇ ಸೇರಿದರೆ ಪಟ್ಟಿಯಲ್ಲಿ ಅಣ್ಣನ ಹೆಸರು ಬರುತ್ತದೆ. ಕ್ಲಾಸಿಗೆ ಸೇರುವ ಕೋಡ್ ಹಾಕುವ ಮುಂಚೆ ಮೇಲಿನ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಖಾತೆ ನೋಡಿಕೊಳ್ಳಲು ಹೇಳಿ, ಉತ್ತರದ ಮೊದಲ ಸಾಲಿನಲ್ಲಿ ರಿಜಿಸ್ಟರ್ ನಂಬರು ಬರೆಸಿ. ಎರಡನೆಯದು, ಫೈಲು ಸೇರಿಸಿ ‘ಟರ್ನ್ ಇನ್’ (ಒಪ್ಪಿಸು) ಒತ್ತದೆ ಬಿಡುವುದು. ವಿದ್ಯಾರ್ಥಿ ಕೊಟ್ಟೆ ಎನ್ನುತ್ತಾನೆ, ಶಿಕ್ಷಕರ ಪಟ್ಟಿಯಲ್ಲಿ ‘ಅಸೈನ್ಡ್’, ಅಂದರೆ ಇನ್ನೂ ಒಪ್ಪಿಸಿಲ್ಲ ಎಂದೇ ಇರುತ್ತದೆ. ಕೊನೆಯ ದಿನಾಂಕವನ್ನಷ್ಟೇ ಕೊಟ್ಟರೆ ಗಡುವು ತಾನಾಗಿ ರಾತ್ರಿ 11:59 ಆಗುತ್ತದೆ. ನೆಟ್‌ವರ್ಕ್ ಕೈಕೊಡುವ ಹಳ್ಳಿಗಳ ಮಕ್ಕಳಿಗೆ ಅದು ಕಷ್ಟ, ಮರುದಿನ ಮಧ್ಯಾಹ್ನ ಎಂದು ಹೊಂದಿಸುವುದು ನ್ಯಾಯ.

ಕನ್ನಡದ ನೋಟ್ಸ್ ಹಾಕುವವರು ವಿಶೇಷವಾಗಿ ಗಮನಿಸಬೇಕು. ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ವರ್ಡ್ ಫೈಲನ್ನು ಹಾಗೇ ಏರಿಸಿದರೆ, ಆ ಫಾಂಟು ಫೋನಿನಲ್ಲಿ ಇಲ್ಲದ ಕಾರಣ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಏರಿಸಿ. ಯುನಿಕೋಡಿಗೆ ಪರಿವರ್ತಿಸಿದರೆ ಇನ್ನೂ ಒಳ್ಳೆಯದು, ಫೈಲಿನೊಳಗೆ ಪದ ಹುಡುಕಲೂ ಬರುತ್ತದೆ. ಕೈಬರಹದ ಹಾಳೆಗಳನ್ನು ಫೋಟೋ ಹಿಡಿದರೆ ಒಂದೊಂದೂ ಮೂರ್ನಾಲ್ಕು ಎಂಬಿ. ಡ್ರೈವ್ ಆ್ಯಪಿನ ಸ್ಕ್ಯಾನ್‌ನಲ್ಲಿ ಕಪ್ಪು-ಬಿಳುಪು ಆರಿಸಿದರೆ ಎಲ್ಲ ಪುಟ ಸೇರಿ ಒಂದೇ ಹಗುರ ಪಿಡಿಎಫ್ ಆಗುತ್ತದೆ.

ತುರ್ತು ಸೂಚನೆಗೆ ಕ್ಲಾಸ್‌ರೂಮ್ ಕೆಲಸಕ್ಕೆ ಬಾರದು, ಏಕೆಂದರೆ ಅದರ ಸೂಚನೆ ಬರುವ ಜಿಮೇಲನ್ನು ಮಕ್ಕಳು ತೆರೆಯುವುದೇ ಅಪರೂಪ. ಬಸ್ ತಡ, ಪರೀಕ್ಷೆ ಮುಂದೂಡಿಕೆ ಇಂಥವಕ್ಕೆ ವಾಟ್ಸಾಪ್ ಇರಲಿ, ಅಡ್ಮಿನ್ ಮಾತ್ರ ಬರೆಯುವಂತೆ ಬದಲಿಸಿ. ಹೊಸ ಪ್ರಶ್ನೆ ಹಾಕಿದಾಗ ಅದರ ಕೊಂಡಿಯನ್ನು ಅಲ್ಲಿಗೆ ಅಂಟಿಸಿದರೆ ಸಾಕು.