ಜಿಂಕೆಗೂ ಎಲ್ಕ್‌ಗೂ ಒಂದೇ ತೋಟಾ: .30-06 ಜೊತೆ ಹಲವು ವರ್ಷ

ದೊಡ್ಡ ಪ್ರಾಣಿಗಳ ಬೇಟೆಗೆ ಒಂದೇ ರೈಫಲ್ ಕೊಳ್ಳಬೇಕು, ಯಾವ ತೋಟಾದ್ದು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು .30-06 ಸ್ಪ್ರಿಂಗ್‌ಫೀಲ್ಡ್. ಇಲ್ಲಿನವರ ಬಾಯಲ್ಲಿ ಅದು ಥರ್ಟಿ-ಆಟ್-ಸಿಕ್ಸ್. ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ ಹಳೇ ತೋಟಾ. ಕೊಲೊರಾಡೊದಲ್ಲಿ ನೆಲೆಸಿದ ಮೇಲೆ ಬೇಟೆ ಕಲಿತು, ಚಿಗರೆ ಥರದ ಪ್ರಾಂಗ್‌ಹಾರ್ನ್, ಮ್ಯೂಲ್ ಡಿಯರ್ ಎನ್ನುವ ಜಿಂಕೆ, ಕಡವೆಯ ಜಾತಿಯ ದೊಡ್ಡ ಎಲ್ಕ್ ಮೂರಕ್ಕೂ ಇದನ್ನೇ ಬಳಸುತ್ತಾ ಬಂದಿದ್ದೇನೆ. ರೈಫಲ್ 22 ಅಂಗುಲ ನಳಿಗೆಯ ವಿಂಚೆಸ್ಟರ್ ಮಾಡೆಲ್ 70. ಅದರ ಬಗ್ಗೆ ದೂರಿಲ್ಲ, ಆದರೆ ಇಲ್ಲಿ ಹೇಳಹೊರಟಿರುವುದು ತೋಟಾದ, ಅಂದರೆ ಮದ್ದೂ ಗುಂಡೂ ಸೇರಿದ ಕಾರ್ಟ್ರಿಡ್ಜ್‌ನ ವಿಷಯ.

ಅದಕ್ಕೂ ಮೊದಲು ನಮ್ಮವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಷಿಕಾರಿ ಎನ್ನುವುದು ಮುಗಿದ ಕಥೆ, ಅದು ಹಾಗೇ ಇರಲಿ. ಅಮೆರಿಕದಲ್ಲಿ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದಿದ್ದರೆ ಈ ನಿಷೇಧ ತಾಗುವುದಿಲ್ಲ. ಸ್ನೇಹಿತರ ಮಾತು ನಂಬಿ ಅಂಗಡಿಗೆ ಹೋಗಬೇಡಿ, ವಕೀಲರನ್ನು ಕೇಳಿಕೊಂಡೇ ಹೋಗಿ.

ಈಗ ವಿಷಯಕ್ಕೆ ಬರೋಣ. ಇಲ್ಲಿನ ಬೇಟೆಯಲ್ಲಿ ಕಷ್ಟ ಎಂದರೆ ಪ್ರಾಣಿಗಳ ಗಾತ್ರದಲ್ಲಿರುವ ಅಂತರ. ಪ್ರಾಂಗ್‌ಹಾರ್ನ್ 50 ಕಿಲೋ ಆಸುಪಾಸು. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಎಲ್ಕ್‌ಗೆ ದಪ್ಪ ಚರ್ಮ, ಭುಜದ ಮೂಳೆಯೂ ಗಟ್ಟಿ. ಎದೆಗೂಡಿಗೆ ಸರಿಯಾಗಿ ಏಟು ಬಿದ್ದ ಮೇಲೂ ಏನೂ ಆಗಿಲ್ಲ ಎನ್ನುವ ಹಾಗೆ ಐವತ್ತು ಅರುವತ್ತು ಹೆಜ್ಜೆ ನಡೆಯುತ್ತದೆ. ಕೊಲೊರಾಡೊದ ನಿಯಮದಲ್ಲಿ ಎಲ್ಕ್‌ಗೆ ಕನಿಷ್ಠ .24 ಅಂಗುಲದ ಕ್ಯಾಲಿಬರ್ (ನಳಿಗೆಯ ಒಳ ಅಳತೆ), 85 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ) ತೂಕದ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇದ್ದರೆ ಸಾಕು. ಕಾನೂನಿಗೆ ಅಷ್ಟು ಸಾಕು, ನನಗೆ ಸಾಲದು. ಗಾಳಿ ಬೀಸುವ ಇಳಿಜಾರಿನಲ್ಲಿ, ಏದುಸಿರು ಬಿಡುತ್ತಾ, ಪ್ರಾಣಿ ಓರೆಯಾಗಿ ನಿಂತಿರುವಾಗ ಹೊಡೆಯಬೇಕಾಗಿ ಬರುತ್ತದೆ. ಆಗ ಗುಂಡಿಗೆ ಒಳಗೆ ಆಳಕ್ಕೆ ಹೋಗುವ ತಾಕತ್ತು ಇರಲೇಬೇಕು. ಇಲ್ಲದಿದ್ದರೆ ಗಾಯಗೊಂಡ ಪ್ರಾಣಿ ಕತ್ತಲೆಯಲ್ಲಿ ಕಾಡು ಸೇರುತ್ತದೆ. ಅದಕ್ಕಿಂತ ಕೆಟ್ಟ ಸಂಗತಿ ಬೇಟೆಯಲ್ಲಿ ಇನ್ನೊಂದಿಲ್ಲ.

.30-06ರಲ್ಲಿ 180 ಗ್ರೇನ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿರುತ್ತದೆ. ಶಕ್ತಿ 2,900 ಅಡಿ-ಪೌಂಡ್ ಹತ್ತಿರ. 150 ಗ್ರೇನ್ ಆದರೆ ವೇಗ 2,900 ಅಡಿ. ಅಂಗಡಿಯಲ್ಲಿ 110ರಿಂದ 220 ಗ್ರೇನ್‌ವರೆಗೂ ಗುಂಡು ಸಿಗುತ್ತದೆ. ಎಲ್ಲದಕ್ಕೂ ಆಗುತ್ತದೆ ಎಂಬ ಹೆಸರು ಇದಕ್ಕೆ ಬಂದಿದ್ದೇ ಹೀಗೆ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋಗುವಾಗ ಒಯ್ದ ಕೋವಿಗಳಲ್ಲಿ ಈ ತೋಟಾದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲೂ ಇತ್ತು.

ಆದರೆ ಆ ಹೆಸರನ್ನು ಜಾಸ್ತಿ ನಂಬಿಕೊಂಡು ಒಂದು ಜೇಬಲ್ಲಿ 150, ಇನ್ನೊಂದರಲ್ಲಿ 180 ಇಟ್ಟುಕೊಂಡು ಓಡಾಡುವವರನ್ನು ನೋಡಿದ್ದೇನೆ. ಜಿಂಕೆ ಕಂಡರೆ ಇದು, ಎಲ್ಕ್ ಕಂಡರೆ ಅದು. ಹಾಗೆ ನಡೆಯುವುದಿಲ್ಲ. ನನ್ನ ರೈಫಲ್‌ನಲ್ಲಿ 150ಕ್ಕೆ ಝೀರೋ ಮಾಡಿ, ಅಂದರೆ ಗುರಿ ಹೊಂದಿಸಿ, 180 ಹಾಕಿದರೆ 100 ಗಜದಲ್ಲೇ ಗುಂಡು ಮೂರು ಬೆರಳು ಕೆಳಗೆ, ಸ್ವಲ್ಪ ಎಡಕ್ಕೆ ಹೋಗಿ ಬೀಳುತ್ತದೆ. ಒಂದೊಂದು ರೈಫಲ್‌ನದು ಒಂದೊಂದು ಬಗೆ. ಗುಂಡು ಬದಲಾಯಿಸಿದಿರಾ, ಮತ್ತೆ ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿ ಗುರಿ ನೋಡುವ ಸ್ಕೋಪ್ ಹೊಂದಿಸಲೇಬೇಕು. ಹಾಗಾಗಿ ನಾನು ಈಗ ವರ್ಷವಿಡೀ ಬಳಸುವುದು ಒಂದೇ: ಪೂರ್ತಿ ತಾಮ್ರದ 165 ಗ್ರೇನ್ ಗುಂಡು, ವೇಗ ಸುಮಾರು 2,800 ಅಡಿ. 200 ಗಜಕ್ಕೆ ಝೀರೋ ಮಾಡಿದರೆ 100 ಗಜದಲ್ಲಿ ಸುಮಾರು ಎರಡು ಅಂಗುಲ ಮೇಲೆ, 300ರಲ್ಲಿ ಎಂಟು ಅಂಗುಲ ಕೆಳಗೆ. ಇಷ್ಟು ನೆನಪಿದ್ದರೆ ಸಾಕು. 300 ಗಜದಾಚೆ ನಾನು ಹೊಡೆಯುವುದಿಲ್ಲ, ಹತ್ತಿರ ಹೋಗಲು ನೋಡುತ್ತೇನೆ.

ತೋಟಾದ ಹೆಸರಿಗಿಂತ ಅದರ ತುದಿಯಲ್ಲಿ ಕೂತಿರುವ ಗುಂಡು ಮುಖ್ಯ. ಇಷ್ಟು ವರ್ಷದ ಬಳಕೆ ನನಗೆ ಕಲಿಸಿದ್ದು ಇದನ್ನೇ. ಮೊದಮೊದಲು ನಾನು ಬಳಸಿದ್ದು ಮೆತ್ತನೆಯ ಸೀಸದ, ಬೇಗ ಒಡೆದುಕೊಳ್ಳುವ ಗುಂಡು. ಕಂಪನಿ ಹೆಸರು ಬೇಡ. ಹತ್ತಿರದಿಂದ ಹೊಡೆದ ಮ್ಯೂಲ್ ಡಿಯರ್ ನಿಂತಲ್ಲೇ ಬಿತ್ತು, ನಿಜ. ಚರ್ಮ ಸುಲಿದಾಗ ಮುಂದಿನ ಭುಜದ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು, ಅಂಗೈಯಗಲ ಮಾಂಸ ಕತ್ತರಿಸಿ ಎಸೆಯಬೇಕಾಯಿತು. ಮೂಳೆಯ ಸುತ್ತ ಮರಳಿನ ಕಾಳಿನಷ್ಟು ಸೀಸದ ಚೂರುಗಳು ಬೆರಳಿಗೆ ಸಿಕ್ಕವು. ಕಣ್ಣಿಗೆ ಕಾಣದ್ದು ಇನ್ನೆಷ್ಟಿತ್ತೋ. ಆ ಮಾಂಸ ಮನೆಯಲ್ಲಿ ಮಕ್ಕಳೂ ತಿನ್ನುವುದು ಅಲ್ವಾ? ತಾಮ್ರದ ಗುಂಡಿಗೆ ಬಂದಿದ್ದು ಇದಕ್ಕೇ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡೇ ಕಡ್ಡಾಯ.

ತಾಮ್ರದ ಗುಂಡು ಬಹಳ ಸಲ ಪ್ರಾಣಿಯ ಆಚೆಬದಿಗೆ ತೂರಿಯೇ ಹೋಗುತ್ತದೆ. ಒಂದು ಎಲ್ಕ್‌ನ ಆಚೆಬದಿಯ ಚರ್ಮದಡಿ ಮಾತ್ರ ಅದು ಸಿಕ್ಕಿತು. ತುದಿ ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಂಡಿತ್ತು, ಒಂದು ಎಸಳೂ ಮುರಿದಿರಲಿಲ್ಲ. ಮನೆಗೆ ತಂದು ತಕ್ಕಡಿಗೆ ಹಾಕಿದರೆ ತೂಕ ಹೆಚ್ಚುಕಡಿಮೆ ಹಾಗೇ ಇತ್ತು. ಇದರಲ್ಲಿ ಒಂದು ತೊಡಕಿದೆ. ಸಾಕಷ್ಟು ವೇಗ ಇಲ್ಲದಿದ್ದರೆ ತಾಮ್ರ ಅರಳುವುದಿಲ್ಲ. ಅದಕ್ಕೇ ಸೀಸದಲ್ಲಿ 180 ಬಳಸುತ್ತಿದ್ದವರು ತಾಮ್ರದಲ್ಲಿ 165ಕ್ಕೆ ಇಳಿಯುವುದು ಒಳ್ಳೆಯದು. ಬೆಲೆಯೂ ಜಾಸ್ತಿ, ಮಾಮೂಲಿ ತೋಟಾದ ಹತ್ತಿರ ಹತ್ತಿರ ಎರಡರಷ್ಟು. ಸೀಸವೇ ಬೇಕು ಎನ್ನುವವರಿಗೆ ನೋಸ್ಲರ್ ಪಾರ್ಟಿಷನ್ ಎನ್ನುವ ಗುಂಡು ಇದೆ. ಜಾನ್ ನೋಸ್ಲರ್ ಕೆನಡಾದಲ್ಲಿ ಮೂಸ್ ಎನ್ನುವ ದೊಡ್ಡ ಜಿಂಕೆಯೊಂದಕ್ಕೆ ಹೊಡೆದಾಗ ಗುಂಡು ಒಳಗೆ ಹೋಗದೆ ಕೈಕೊಟ್ಟಿತಂತೆ. ಆಮೇಲೆ ಅವರು ನಡುವೆ ತಾಮ್ರದ ಗೋಡೆಯಿರುವ ಈ ಗುಂಡನ್ನು ರೂಪಿಸಿ 1948ರಲ್ಲಿ ಮಾರಾಟಕ್ಕೆ ತಂದರು. ಇವತ್ತಿಗೂ ನಂಬಬಹುದಾದ ಮಾಲು.

ಇನ್ನು ಒದೆತ, ಅಂದರೆ ಗುಂಡು ಹಾರುವಾಗ ರೈಫಲ್ ಭುಜಕ್ಕೆ ಕೊಡುವ ಹೊಡೆತ. ಸ್ಕೋಪ್ ಸೇರಿ ನನ್ನ ರೈಫಲ್ ಮೂರೂವರೆ ಕಿಲೋ ಚಿಲ್ಲರೆ. ಹಗುರ ಇದ್ದಷ್ಟೂ ಬೆಟ್ಟ ಹತ್ತಲು ಸುಖ, ಹೊಡೆಯುವಾಗ ಭುಜಕ್ಕೆ ಕಷ್ಟ. ಕಾಡಿನಲ್ಲಿ ಒದೆತ ಗೊತ್ತೇ ಆಗುವುದಿಲ್ಲ. ರೇಂಜಿನಲ್ಲಿ ಬೆಂಚಿನ ಮೇಲೆ ಕೂತು ಹದಿನೈದು ಇಪ್ಪತ್ತು ತೋಟಾ ಹೊಡೆಯುವಷ್ಟರಲ್ಲಿ ಭುಜ ಬೇಡ ಎನ್ನುತ್ತದೆ. ನೋವಿಗಿಂತ ಕೆಟ್ಟದ್ದು ಅದರಿಂದ ಬರುವ ಅಂಜಿಕೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಬಿಗಿಯುತ್ತದೆ. ಪರೀಕ್ಷೆ ಮಾಡುವುದು ಸುಲಭ. ಜೊತೆಯವರ ಕೈಯಲ್ಲಿ ರೈಫಲ್ ತುಂಬಿಸಿ, ನಡುವೆ ಎಲ್ಲೋ ಒಂದು ಡಮ್ಮಿ (ಸಿಡಿಯದ ನಕಲಿ ತೋಟಾ) ಹಾಕಲು ಹೇಳಿ. ಅದರ ಸರದಿ ಬಂದಾಗ ಕ್ಲಿಕ್ ಎನ್ನುವ ಸದ್ದಿನ ಜೊತೆ ನಳಿಗೆಯ ತುದಿ ಕೆಳಗೆ ಜಗ್ಗಿದರೆ ನೀವು ಅಂಜುತ್ತಿದ್ದೀರಿ ಎಂದರ್ಥ. ನಾನು ಪ್ರತಿ ಸೀಸನ್‌ಗೆ ಮೊದಲು ಇದನ್ನು ಮಾಡಿಯೇ ಮಾಡುತ್ತೇನೆ.

ಈ ಕಾರಣಕ್ಕೇ .300 ವಿಂಚೆಸ್ಟರ್ ಮ್ಯಾಗ್ನಮ್ ತೋಟಾದ್ದು ಮೊದಲ ರೈಫಲ್ ಆಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಕ್ತಿ ಜಾಸ್ತಿ, ಒದೆತವೂ ಅದಕ್ಕೆ ತಕ್ಕಂತೆ. 300 ಗಜದೊಳಗೆ ಹೊಡೆಯುವವರಿಗೆ ಆ ಹೆಚ್ಚಿನ ಶಕ್ತಿಯಿಂದ ಸಿಗುವ ಲಾಭ ಕಡಿಮೆ. .308 ವಿಂಚೆಸ್ಟರ್ ಬೇರೆ ಮಾತು. ಅದೇ ಅಳತೆಯ ಗುಂಡು, ಸೆಕೆಂಡಿಗೆ ನೂರು ಅಡಿಯಷ್ಟೇ ನಿಧಾನ. ತೋಟಾ ತುಂಬುವ ಬೋಲ್ಟ್ ಗಿಡ್ಡ, ರೈಫಲ್ ಸ್ವಲ್ಪ ಹಗುರ. ಇವತ್ತು ಹೊಸದಾಗಿ ಕೊಳ್ಳುವವರು ಅದನ್ನು ತಗೊಂಡರೂ ನಾನು ಬೇಡ ಎನ್ನುವುದಿಲ್ಲ. ಆದರೆ ಎರಡೂ ಇರುವ ಮನೆಯಲ್ಲಿ ಹುಷಾರು. .308ರ ತೋಟಾ .30-06ರ ಚೇಂಬರಿನೊಳಗೆ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಇಳಿಯುತ್ತದೆ. ಹಾಗೇ ಹೊಡೆದರೆ ತೋಟಾದ ಹಿತ್ತಾಳೆ ಕೇಸ್ ಸೀಳುವ ಅಪಾಯ ಇದೆ. ತೋಟಾದ ಬುಡದಲ್ಲಿರುವ ಅಚ್ಚನ್ನೂ ನಳಿಗೆಯ ಮೇಲಿನ ಅಚ್ಚನ್ನೂ ಪ್ರತಿ ಸಲ ಓದಿ ನೋಡಿ. 6.5 ಕ್ರೀಡ್‌ಮೂರ್ ಎನ್ನುವ ತೋಟಾ 2007ರಲ್ಲಿ ಬಂದಿದ್ದು. ಜಿಂಕೆಗೆ ಬಹಳ ಸೊಗಸು. ಎಲ್ಕ್‌ಗೆ ಆಗುತ್ತದೆ, ಆದರೆ ದೂರ ಮತ್ತು ಕೋನ ಎರಡನ್ನೂ ನೋಡಿಕೊಂಡು ಹೊಡೆಯಬೇಕು.

ಸಿಗುವ ವಿಷಯಕ್ಕೆ ಬಂದರೆ ಇದಕ್ಕೆ ಎದುರಿಲ್ಲ. ಬೆಟ್ಟದೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೇನಿಲ್ಲದಿದ್ದರೂ ಥರ್ಟಿ-ಆಟ್-ಸಿಕ್ಸ್‌ನ ಒಂದೆರಡು ಡಬ್ಬಿ ಇದ್ದೇ ಇರುತ್ತದೆ. 2020-21ರಲ್ಲಿ ಎಲ್ಲೆಡೆ ತೋಟಾಗಳ ಬರ ಬಂದಾಗ ಇದೂ ಖಾಲಿಯಾಗಿತ್ತು. ಅಂದಿನಿಂದ ಒಂದೇ ಲಾಟ್ ನಂಬರಿನ (ಒಂದೇ ಸಲಕ್ಕೆ ತಯಾರಾದ) ಡಬ್ಬಿಗಳನ್ನು ಎರಡು ಸೀಸನ್‌ಗೆ ಆಗುವಷ್ಟು ಒಟ್ಟಿಗೇ ತಂದಿಟ್ಟುಕೊಳ್ಳುತ್ತೇನೆ.

ನನ್ನ ಹೆಂಡತಿ ಬೇಟೆಗೆ ಬರಲು ಶುರು ಮಾಡಿದಾಗ ಮಾತ್ರ .30-06 ಕೊಡಿಸಲಿಲ್ಲ. ಅವಳದ್ದು 7 ಎಂಎಂ-08 ತೋಟಾ, 140 ಗ್ರೇನ್ ಗುಂಡು. ಒದೆತ ಎಷ್ಟೋ ಕಡಿಮೆ. ರೇಂಜಿನಲ್ಲಿ ನಾನು ಸಾಕು ಎಂದು ಎದ್ದ ಮೇಲೂ ಅವಳು ಇನ್ನೊಂದು ಡಬ್ಬಿ ಒಡೆಯುತ್ತಾಳೆ. 200 ಗಜದೊಳಗೆ ಎಲ್ಕ್‌ಗೂ ಅದು ಸಾಕು ಎಂದು ಕಣ್ಣಾರೆ ನೋಡಿದ್ದೇನೆ. ನೀವು ಸಣ್ಣ ಮೈಕಟ್ಟಿನವರಾದರೆ, ಅಥವಾ ಇದೇ ಮೊದಲ ರೈಫಲ್ ಆದರೆ, ಕೊಳ್ಳುವ ಮೊದಲು ಯಾರದ್ದಾದರೂ ಎರವಲು ಪಡೆದು ಎರಡನ್ನೂ ಹತ್ತತ್ತು ತೋಟಾ ಹೊಡೆದು ನೋಡಿ. ಹತ್ತನೆಯದಕ್ಕೂ ಭುಜ ಬಿಗಿಯದಿದ್ದರೆ .30-06 ತಗೊಳ್ಳಿ. ಬಿಗಿದರೆ 7 ಎಂಎಂ-08 ತಗೊಂಡು, ಉಳಿದ ದುಡ್ಡಿಗೆ ಒಳ್ಳೆಯ ಗುಂಡು ಕೊಳ್ಳಿ.