ಆರು ಇಂಚಿನ ದೂರದರ್ಶಕದಲ್ಲಿ ಶನಿ: ಎರಡು ವರ್ಷಗಳ ಬಳಕೆಯ ನಂತರ

ಆರು ಇಂಚು ವ್ಯಾಸದ ಕನ್ನಡಿಯುಳ್ಳ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ ಬಗೆಯ) ದೂರದರ್ಶಕವನ್ನು ನಾನು 2023ರ ಅಕ್ಟೋಬರ್‌ನಲ್ಲಿ ಕೊಂಡದ್ದು ಶನಿಗ್ರಹವನ್ನು ಕಣ್ಣಾರೆ ನೋಡುವ ಆಸೆಯಿಂದಲೇ. ಹಾಗಾಗಿ ಈ ವಿಮರ್ಶೆಯಲ್ಲಿ ಅದು ಶನಿಯನ್ನು ಎಷ್ಟರ ಮಟ್ಟಿಗೆ ತೋರಿಸುತ್ತದೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

ಇದರ ನಾಭಿದೂರ 1,200 ಮಿ.ಮೀ. ಜೊತೆಗೆ ಬರುವ 25 ಮತ್ತು 10 ಮಿ.ಮೀ. ಐಪೀಸ್‌ಗಳಿಂದ (ಕಣ್ಣಿಟ್ಟು ನೋಡುವ ಮಸೂರಗಳಿಂದ) ಕ್ರಮವಾಗಿ 48 ಮತ್ತು 120 ಪಟ್ಟು ವರ್ಧನೆ ಸಿಗುತ್ತದೆ. ನನಗೆ ಬಂದ ಪೆಟ್ಟಿಗೆಯಲ್ಲಿ ಫೈಂಡರ್‌ನ (ಗುರಿ ಹುಡುಕಲು ಕೊಳವೆಯ ಮೇಲಿರುವ ಸಣ್ಣ ಸಾಧನದ) ಒಂದು ತಿರುಪು ಇರಲಿಲ್ಲ, ಕನ್ನಡಿಗಳೂ ಓರೆಯಾಗಿದ್ದವು. ಮಾರಿದವರು ತಿರುಪನ್ನು ಕಳುಹಿಸಲು ಮೂರು ವಾರ ತೆಗೆದುಕೊಂಡರು. ಕನ್ನಡಿಗಳನ್ನು ನಾನೇ ಸರಿಹೊಂದಿಸಿಕೊಳ್ಳಬೇಕಾಯಿತು.

ನವೆಂಬರ್‌ನ ಒಂದು ಸಂಜೆ ತಾರಸಿಯ ಮೇಲೆ ಮೊದಲ ಬಾರಿಗೆ 10 ಮಿ.ಮೀ. ಐಪೀಸ್ ಹಾಕಿ ನೋಡಿದಾಗ, ಒಂದು ಅಡಿ ದೂರದಲ್ಲಿ ಹಿಡಿದ ತೊಗರಿಕಾಳಿನಷ್ಟು ಗಾತ್ರದಲ್ಲಿ, ಕೆನೆಯ ಬಣ್ಣದ ಗೋಲವೂ ಅದನ್ನು ಎಲ್ಲಿಯೂ ಮುಟ್ಟದೆ ಸುತ್ತುವರಿದ ಬಳೆಯೂ ಸ್ಪಷ್ಟವಾಗಿ ಕಂಡವು. ಗಾಳಿಯ ನಡುಕ ನಿಂತ ಕೆಲವು ಕ್ಷಣಗಳಲ್ಲಿ ಬಳೆಯ ಎರಡು ತುದಿಗಳಲ್ಲಿ ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೂಡಿ ಮರೆಯಾಗುತ್ತಿತ್ತು. 1675ರಲ್ಲಿ ಖಗೋಳವಿಜ್ಞಾನಿ ಕ್ಯಾಸಿನಿ ಗುರುತಿಸಿದ, ಸುಮಾರು 4,800 ಕಿ.ಮೀ. ಅಗಲದ ಬಿರುಕು ಅದು. ಪಕ್ಕದಲ್ಲಿದ್ದ ಚುಕ್ಕೆ ಟೈಟನ್ ಉಪಗ್ರಹ. ದಿನವೂ ಅದರ ಸ್ಥಾನವನ್ನು ನೋಟ್‌ಬುಕ್‌ನಲ್ಲಿ ಗುರುತಿಸುತ್ತಾ ಹೋದರೆ, ಹದಿನಾರು ದಿನಗಳಲ್ಲಿ ಅದು ಒಂದು ಸುತ್ತು ಮುಗಿಸುವುದನ್ನು ನಾವೇ ಕಂಡುಕೊಳ್ಳಬಹುದು.

ಪ್ರತಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವ ನನ್ನ ಅಮ್ಮ ಮೊದಲು ಹಿಂಜರಿದರು. ಆಮೇಲೆ ಕಣ್ಣಿಟ್ಟು ನೋಡಿ, ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ಚೆಂದ ಇದಾನೇನೋ ಶನಿ?" ಎಂದರು. ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು. ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಹಿಡಿಯುವುದರಿಂದಲೇ ರಾಶಿಯೊಂದಕ್ಕೆ ಎರಡೂವರೆ ವರ್ಷ, ಮೂರು ರಾಶಿಗಳಿಗೆ ಏಳೂವರೆ ವರ್ಷ ಎಂಬ ಸಾಡೇಸಾತಿಯ ಲೆಕ್ಕ ಹುಟ್ಟಿದ್ದು ಎಂದು ಅವರಿಗೆ ವಿವರಿಸಿದೆ. ನಾವು ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟು ಒಂದು ಗಂಟೆಗೂ ಮೇಲಾಗಿದೆ ಎಂಬುದನ್ನು ಮಾತ್ರ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಈ ಉಪಕರಣದ ಮುಖ್ಯ ತೊಂದರೆಯೆಂದರೆ ಇದಕ್ಕೆ ಮೋಟಾರ್ ಇಲ್ಲ. 120 ಪಟ್ಟಿನಲ್ಲಿ ಗ್ರಹವು ಒಂದೂವರೆ ನಿಮಿಷದೊಳಗೆ ನೋಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಿಬಿಡುವುದರಿಂದ ಕೊಳವೆಯನ್ನು ಮತ್ತೆ ಮತ್ತೆ ಮೆಲ್ಲನೆ ತಳ್ಳುತ್ತಿರಬೇಕು. ಮಕ್ಕಳು ಸಾಲಾಗಿ ನಿಂತಿದ್ದರೆ ಇದು ನಿಜಕ್ಕೂ ಕಷ್ಟ. ಹೊರಗಿಟ್ಟ ಕನ್ನಡಿ ತಣಿಯಲು ಅರ್ಧ ಗಂಟೆಯಾದರೂ ಬೇಕು. 240 ಪಟ್ಟಿಗಾಗಿ ಪ್ರತ್ಯೇಕವಾಗಿ ಕೊಂಡ, ವರ್ಧನೆಯನ್ನು ಇಮ್ಮಡಿಸುವ ಬಾರ್ಲೋ ಮಸೂರ ನನ್ನ ಮಟ್ಟಿಗೆ ವ್ಯರ್ಥ ಖರ್ಚು, ಏಕೆಂದರೆ ಹೆಚ್ಚಿನ ರಾತ್ರಿಗಳಲ್ಲಿ ಅದು ಚಿತ್ರವನ್ನು ದೊಡ್ಡದಾಗಿಸಿ ಮಸುಕಾಗಿಸುತ್ತದೆ. ಉತ್ತರ ಧ್ರುವದ ಷಟ್ಕೋನಾಕಾರದ ಸುಳಿಯನ್ನಾಗಲಿ, ವ್ಯೋಮನೌಕೆಗಳ ಚಿತ್ರಗಳಲ್ಲಿನ ಬಣ್ಣಗಳನ್ನಾಗಲಿ ಇದರಲ್ಲಿ ನಿರೀಕ್ಷಿಸಬಾರದು.

2025ರ ನವೆಂಬರ್ ಕೊನೆಯಲ್ಲಿ ನೋಡಿದಾಗ ಬಳೆಗಳು ಸೂಜಿಯಷ್ಟು ತೆಳ್ಳಗಾಗಿದ್ದವು. ಸುಮಾರು 2,80,000 ಕಿ.ಮೀ. ಹರಡಿರುವ ಮುಖ್ಯ ಬಳೆಗಳ ದಪ್ಪ ಹೆಚ್ಚಿನ ಕಡೆ ಕೆಲವೇ ಹತ್ತು ಮೀಟರ್‌ಗಳಾದ್ದರಿಂದ ಅಂಚಿನಿಂದ ನೋಡಿದಾಗ ಅವು ಇಲ್ಲವಾದಂತೆಯೇ ಕಾಣುತ್ತವೆ; 1612ರಲ್ಲಿ ಗೆಲಿಲಿಯೋ ಕಕ್ಕಾಬಿಕ್ಕಿಯಾದದ್ದು ಇದರಿಂದಲೇ. ನನಗಂತೂ ಆ ನೋಟದಿಂದ ಲಾಭವೇ ಆಯಿತು. ಬಳೆಯ ಅಡ್ಡಿಯಿಲ್ಲದೆ, ಹತ್ತೂವರೆ ಗಂಟೆಗೊಮ್ಮೆ ತಿರುಗುವ ಅನಿಲದ ಗೋಲವು ಧ್ರುವಗಳಲ್ಲಿ ಚಪ್ಪಟೆಯಾಗಿರುವುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು.

ತೂಕ ಹೊತ್ತು ತಾರಸಿಗೆ ಸಾಗಿಸಬಲ್ಲವರು ಮತ್ತು ತಾಳ್ಮೆಯುಳ್ಳವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಬಳೆಗಳು ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತಾ ಹೋಗಿ, 2032ರ ಹೊತ್ತಿಗೆ ತಮ್ಮ ದಕ್ಷಿಣದ ಮುಖವನ್ನು ಪೂರ್ತಿಯಾಗಿ ತೋರಿಸಲಿವೆ.